ಸಿಡಿಲಿನ ಚಿತ್ರಕ್ಕೆ ತಾರಸಿ ಹತ್ತಬೇಕಿಲ್ಲ

ಮಾನ್ಯರೇ,

ಭರಣಿ, ಕೃತ್ತಿಕಾ ಮಳೆಗಳು ಶುರುವಾದರೆ ಪತ್ರಿಕೆಗಳ ಓದುಗರ ಪುಟಕ್ಕೆ ಸಿಡಿಲಿನ ಚಿತ್ರಗಳು ಬರತೊಡಗುತ್ತವೆ. ಎಷ್ಟೋ ಚಿತ್ರಗಳ ಅಂಚಿನಲ್ಲಿ ತಾರಸಿಯ ಮೋಟುಗೋಡೆಯೋ ನೀರಿನ ಟ್ಯಾಂಕೋ ಇಣುಕುತ್ತಿರುತ್ತದೆ. ಎಂದರೆ ತೆಗೆದವರು ಬೀದಿಗೆಲ್ಲ ಎತ್ತರವಾದ ಜಾಗದಲ್ಲಿ, ಲೋಹದ ಟ್ರೈಪಾಡ್ ಪಕ್ಕ ನಿಂತಿದ್ದರು. ಅಂಥ ಚಿತ್ರಕ್ಕೆ ‘ಸಾಹಸದ ಕ್ಲಿಕ್’ ಎಂದು ಅಡಿಬರಹ ಕೊಟ್ಟರೆ ಮರುದಿನ ಇನ್ನೂ ನಾಲ್ವರು ತಾರಸಿ ಹತ್ತುತ್ತಾರೆ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿದರೆ ಸುಮಾರು ಮೂರು ಸೆಕೆಂಡಿಗೆ ಒಂದು ಕಿ.ಮೀ. ದೂರ. ಎಣಿಕೆ 30 ದಾಟುವ ಮೊದಲೇ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಮುಂದಿನದು ನಿಂತಲ್ಲಿಗೇ ಬರಬಹುದು. ಮಳೆ ಬಾರದ ಜಾಗದಲ್ಲೂ ಸಿಡಿಲು ಬೀಳುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಹೋಗದಿರುವುದೇ ಸರಿ. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ 20 ಮತ್ತು 40 ಕಿ.ಮೀ. ವಲಯದ ಮಿಂಚನ್ನು ತೋರಿಸುತ್ತದೆ. ಕ್ಯಾಮೆರಾ ಚೀಲ ತೆರೆಯುವ ಮುನ್ನ ಅದನ್ನೊಮ್ಮೆ ನೋಡಬೇಕು.

ಅಷ್ಟಕ್ಕೂ ಮೋಡದ ಅಡಿಗೇ ಹೋಗಿ ನಿಂತರೆ ಚಿತ್ರ ಸಿಗುವುದೇ ಕಷ್ಟ. ಲೆನ್ಸ್ ಮೇಲೆ ಹನಿ, ಮಳೆಯ ಪರದೆ, ಇಡೀ ಆಕಾಶ ಬಿಳಿ. ಬಯಲುಸೀಮೆಯಲ್ಲಿ 50-60 ಕಿ.ಮೀ. ದೂರದ ಗುಡುಗು ಮೋಡ ಬುಡದಿಂದ ತುದಿಯವರೆಗೆ ಕಾಣುತ್ತದೆ, ತುದಿ 12-15 ಕಿ.ಮೀ. ಎತ್ತರಕ್ಕೂ ಏರಿರುತ್ತದೆ. ಗುಡುಗಿನ ಸದ್ದೇ ಕೇಳದ ಆ ದೂರದಿಂದ, ಸಂಜೆಗತ್ತಲಲ್ಲಿ, ಒಳಗಿನಿಂದ ಬೆಳಗುವ ಇಡೀ ಮೋಡವನ್ನು 70-85 ಎಂ.ಎಂ. ಲೆನ್ಸ್‌ನಲ್ಲಿ ಹಿಡಿಯಬಹುದು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಿಡಿಲಿನ ಚಿತ್ರವಿಲ್ಲ.

ಹತ್ತಿರದ ಮಿಂಚೇ ಬೇಕೆಂದರೆ ಮನೆಯೊಳಗಿನಿಂದ ತೆಗೆಯಿರಿ. ಕೋಣೆಯ ದೀಪ ಆರಿಸಿ, ಲೆನ್ಸನ್ನು ಮುಚ್ಚಿದ ಕಿಟಕಿಯ ಗಾಜಿಗೆ ತಾಗುವಷ್ಟು ಹತ್ತಿರವಿಟ್ಟು, ಸುತ್ತ ಕಪ್ಪು ಬಟ್ಟೆ ಹೊದಿಸಿದರೆ ಪ್ರತಿಫಲನ ಹೋಗುತ್ತದೆ. ಕಿಟಕಿಯ ಕಬ್ಬಿಣದ ಸರಳನ್ನು ಮಾತ್ರ ಮುಟ್ಟಬೇಡಿ, ಫೋನನ್ನು ಚಾರ್ಜರಿಗೆ ಸಿಕ್ಕಿಸಿಟ್ಟು ಚಿತ್ರ ತೆಗೆಯಬೇಡಿ. ಕ್ಯಾಮೆರಾ ಮ್ಯಾನುಯಲ್‌ನಲ್ಲಿರಲಿ: ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8, ಶಟರ್ ತೆರೆದಿರುವ ಸಮಯ 10ರಿಂದ 15 ಸೆಕೆಂಡು. ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದರಿಂದ ಅದರ ಹೊಳಪನ್ನು ನಿರ್ಧರಿಸುವುದು ಅಪರ್ಚರ್ ಮತ್ತು ಐಎಸ್‌ಒ. ಶಟರ್ ಸಮಯ ಬದಲಿಸಿದರೆ ಬದಲಾಗುವುದು ಊರಿನ ದೀಪಗಳು, ಹಿನ್ನೆಲೆಯ ಆಕಾಶ. ಮಿಂಚು ಬೆಳ್ಳಗೆ ದಪ್ಪನಾಗಿ ಬಿದ್ದರೆ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಬೇಕು, ಶಟರ್ ಕಡಿಮೆ ಮಾಡಿ ಪ್ರಯೋಜನವಿಲ್ಲ. ಫೋಕಸ್ ಕೆಡುವುದೇ ಹೆಚ್ಚು: ಅನಂತದ ಗುರುತಿಗೆ ತಿರುಗಿಸಿ ಬಿಡದೆ, ಪರದೆಯಲ್ಲಿ ದೂರದ ಬೀದಿದೀಪವನ್ನು ದೊಡ್ಡದು ಮಾಡಿ ನೋಡಿ, ಅದು ಚುಕ್ಕೆಯಾಗುವವರೆಗೆ ಕೈಯಲ್ಲೇ ಹೊಂದಿಸಬೇಕು. ಚಿತ್ರದ ಕಾಳುಕಾಳು ಚುಕ್ಕೆಗಳನ್ನು ತೆಗೆಯುವ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆನ್ ಇದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿರುತ್ತದೆ. ಒಳ್ಳೆಯ ಮಿಂಚು ಆಗಲೇ ಬರುವುದು!

ಮೊಬೈಲ್‌ನವರು ಪ್ರೊ ಮೋಡ್‌ನಲ್ಲಿ ಇದನ್ನೇ ಮಾಡಬಹುದು. ಅದಿಲ್ಲದಿದ್ದರೆ ಎಕ್ಸ್‌ಪೋಷರ್ (ಬೆಳಕಿನ ಹೊಂದಿಕೆ) ತಾನಾಗಿ ಬದಲಾಗದಂತೆ ಲಾಕ್ ಮಾಡಿ 4ಕೆ ವಿಡಿಯೊ ತೆಗೆದು ಒಂದು ಫ್ರೇಮ್ ಆರಿಸಿಕೊಳ್ಳಲಿ. ಅಂಥ ಫ್ರೇಮ್‌ನ 8 ಮೆಗಾಪಿಕ್ಸೆಲ್ ಪತ್ರಿಕೆಯ ನಾಲ್ಕು ಕಾಲಂಗೆ ಧಾರಾಳವಾಯಿತು. ಅರ್ಧ ಬೆಳ್ಳಗೆ ಅರ್ಧ ಕಪ್ಪಾಗಿರುವ ಫ್ರೇಮ್ ಬಂದರೆ ಫೋನ್ ಕೆಟ್ಟಿಲ್ಲ. ಸೆನ್ಸರ್ ಸಾಲುಸಾಲಾಗಿ ಓದುವಾಗ ನಡುವೆ ಮಿಂಚಿದೆ, ಅಷ್ಟೆ. ಅದರ ಹಿಂದುಮುಂದಿನ ಫ್ರೇಮ್ ನೋಡಿ.

ಪತ್ರಿಕೆಯವರಲ್ಲಿ ಒಂದು ಕೋರಿಕೆ. ಒಂದೇ ಚಿತ್ರದಲ್ಲಿ ಹತ್ತು ಹನ್ನೆರಡು ಸಿಡಿಲು ಇಳಿಯುತ್ತಿದ್ದರೆ ಅದು ಸಾಮಾನ್ಯವಾಗಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದ್ದು. ಕೂಡಿಸುವುದು ತಪ್ಪಲ್ಲ, ಅಡಿಬರಹದಲ್ಲಿ ಹೇಳದಿರುವುದು ತಪ್ಪು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಚಿತ್ರದಲ್ಲಿ ತೆಗೆದ ದಿನಾಂಕ, ಶಟರ್ ವಿವರ ಅಳಿಸಿಹೋಗಿರುತ್ತದೆ. ಮೂಲ ಫೈಲನ್ನೇ ಇಮೇಲ್‌ನಲ್ಲಿ ತರಿಸಿಕೊಂಡರೆ ಅವು ಸಿಗುತ್ತವೆ, ಹೋದ ವರ್ಷದ ಚಿತ್ರ ‘ನಿನ್ನೆ ಸಂಜೆ’ಯದಾಗಿ ಅಚ್ಚಾಗುವುದೂ ತಪ್ಪುತ್ತದೆ. ಜೊತೆಗೆ ಎಲ್ಲಿ ನಿಂತು ತೆಗೆದಿರಿ ಎಂದೂ ಕೇಳಿ. ತಾರಸಿಯಿಂದ ಎಂದಾದರೆ ಆ ಚಿತ್ರವನ್ನು ಬಿಟ್ಟುಬಿಡಿ.

– ಒಬ್ಬ ಹವ್ಯಾಸಿ ಛಾಯಾಗ್ರಾಹಕ, ದಾವಣಗೆರೆ