ಕುರಿ ಹಿಂದೆ ಹೋಗುವ ಬಸುರಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಅಂದದ್ದು ಇನ್ನೂ ತಲೆಯಲ್ಲಿದೆ. "ಹೆರಿಗೆ ಪುಕ್ಕಟೆ, ಆಂಬುಲೆನ್ಸ್ ಪುಕ್ಕಟೆ, ಮೇಲೆ ದುಡ್ಡೂ ಕೊಡ್ತಾರೆ. ಇನ್ನೇನು ಬೇಕು?" ಅಂದೆ. ಫೋನಿನಲ್ಲಿ ವಾದ ಮಾಡುವುದು ನನಗೆ ಆಗಿಬರಲ್ಲ, ನಿನಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಸುಳ್ಳಲ್ಲ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ಮನೆಗೆ ಬಿಡುವ ಗಾಡಿ ಎಲ್ಲಾ ಉಚಿತ. ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಅಂತ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆದರೆ ಅದು ಮನೆಗಳ ಪಟ್ಟಿ ಹಿಡಿದು ಬಾಗಿಲಿಗೆ ಹೋಗಿ ಕೇಳುವ ಸಮೀಕ್ಷೆ. ಬಾಗಿಲೇ ಇಲ್ಲದವಳು ಅದರಲ್ಲಿ ಹೇಗೆ ಸಿಕ್ಕಾಳು?

ದೀಪಾವಳಿ ಆದಮೇಲೆ ನಮ್ಮ ಕಡೆ ಬರುವ ಕುರಿ ಹಿಂಡು ನೆನಪಿದೆಯಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕುರುಬರು. ಕುದುರೆ ಮೇಲೆ ಸಾಮಾನು, ಅದರ ಮೇಲೆ ಕೋಳಿ, ಕುರಿಮರಿ, ಕೂಸು. ಗಂಡಸರು ಮೇಯಿಸಲು ಹೋಗುತ್ತಾರೆ. ಬಿಡಾರ ಕೀಳುವುದು, ಕುದುರೆಗೆ ಹೇರುವುದು, ಮುಂದಿನ ಹೊಲದಲ್ಲಿ ಮತ್ತೆ ಹೂಡುವುದು, ನೀರು ತರುವುದು, ರೊಟ್ಟಿ ಬಡಿಯುವುದು ಎಲ್ಲಾ ಹೆಂಗಸರ ಪಾಲು. ಏಳು ತಿಂಗಳ ಬಸುರಿಗೂ ಜಾಸ್ತಿ ರಿಯಾಯಿತಿ ಇಲ್ಲ.

ಹೋದ ವರ್ಷ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಂತಿದ್ದಾಗ ಅಂಥ ಒಬ್ಬಳು ನಮ್ಮವ್ವನಿಗೆ ತನ್ನ ಬಸುರಿನ ತಪಾಸಣೆ ಬರೆದಿಡುವ 'ತಾಯಿ ಕಾರ್ಡು' ತೋರಿಸಿದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡಿದ್ದಳು. ಮೊದಲು ಒಂದೆರಡು ಕಡೆ ತುಂಬಿದ್ದು ಬಿಟ್ಟರೆ ಉಳಿದದ್ದು ಖಾಲಿ. "ದವಾಖಾನಿಗೆ ಹೋಗಿದ್ದೆ ಯವ್ವಾ. ನಿಮ್ಮೂರಾಗ ತೋರಿಸ್ಕೋ ಅಂದ್ರು. ನಾವು ಊರಿಗೆ ಹೊಳ್ಳಿ ಹೋಗಾಕ ಮಳಿಗಾಲ ಬರ್ಬೇಕು" ಅಂದಳು.

ಅಲ್ಲಿನ ಸಿಸ್ಟರ್ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಅವರ ಗುರಿ, ಲೆಕ್ಕ, ರಿಜಿಸ್ಟರು ಎಲ್ಲಾ ಅವರಿಗೆ ಹಂಚಿಕೊಟ್ಟ ಊರುಗಳದ್ದು. ಹಾದು ಹೋಗುವವಳ ಹೆಸರು ಬರೆದುಕೊಂಡರೆ ಅರ್ಧಕ್ಕೆ ನಿಂತ ಕೇಸು ಒಂದು ಜಾಸ್ತಿ, ಅಷ್ಟೇ.

ಆದರೆ ಬಸುರಿಯ ಆರೈಕೆ ಒಂದು ದಿನದ ಕೆಲಸ ಅಲ್ವಲ್ಲ. ಧನುರ್ವಾಯು ಇಂಜೆಕ್ಷನ್ ಎರಡು, ನಡುವೆ ನಾಲ್ಕು ವಾರ. ಅಷ್ಟರಲ್ಲಿ ಹಿಂಡು ಬೇರೆ ತಾಲೂಕಿನಲ್ಲಿರುತ್ತದೆ. ಕಬ್ಬಿಣದ ಗುಳಿಗೆ 180 ದಿನ ನುಂಗಬೇಕು. ಬಿಪಿ ಒಂದೇ ಸಲ ನೋಡಿದರೆ ಸಾಲದು, ಏರುತ್ತಿದೆಯಾ ಅಂತ ಮತ್ತೆ ಮತ್ತೆ ನೋಡಬೇಕು. ಬಸುರಿ, ಬಾಣಂತಿಯರಿಗೆ ಅಂತ ಸರ್ಕಾರ 2017ರಲ್ಲಿ ಶುರು ಮಾಡಿದ ಮಾತೃಪೂರ್ಣ ಯೋಜನೆಯ ಊಟ, ಮೊಟ್ಟೆ ಸಿಗುವುದು ಅಂಗನವಾಡಿಯಲ್ಲಿ. ಅವಳ ಹೆಸರಿರುವ ಅಂಗನವಾಡಿ ಚಿಕ್ಕೋಡಿ ಕಡೆ ಎಲ್ಲೋ ಉಳಿಯಿತು. ಹೆತ್ತ ಮೇಲಂತೂ ಇನ್ನೂ ಕಷ್ಟ. ಆಸ್ಪತ್ರೆಯಲ್ಲಿ ಹೆರಿಗೆ ಆದರೂ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಹೋಗಿ ತಾಯಿ, ಕೂಸು ಇಬ್ಬರನ್ನೂ ನೋಡಬೇಕು. ಯಾವ ಮನೆಗೆ?

ಹೆರಿಗೆಗೆ ತವರಿಗೆ ಕಳಿಸ್ತಾರಲ್ಲ ಅನ್ನುತ್ತೀಯಾ. ಹೌದು, ಕಳಿಸುತ್ತಾರೆ. ಆದರೆ ಕೆಲವು ಹುಡುಗಿಯರ ತವರೂ ಕುರಿ ಹಿಂದೆಯೇ ಇರುತ್ತದೆ.

ಕುರಿ ಬಿಟ್ಟು ಒಂದು ಕಡೆ ನೆಲೆ ನಿಲ್ಲಲಿ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅವರ ಹಿಕ್ಕೆ ಗೊಬ್ಬರ ನಮ್ಮ ಹೊಲಕ್ಕೆ ಬೇಕು, ಅವರ ಬಸುರಿ ಮಾತ್ರ ನಮ್ಮ ಊರಿನ ಲೆಕ್ಕಕ್ಕೆ ಬೇಡ, ಇದ್ಯಾವ ನ್ಯಾಯ? ಅವರು ದಿಕ್ಕಿಲ್ಲದೆ ತಿರುಗುವವರಲ್ಲ. ಹೆಚ್ಚುಕಡಿಮೆ ಅದೇ ದಾರಿ, ಅದೇ ಊರು, ಅದೇ ರೈತರು. ಯಾವಾಗ ಬರುತ್ತಾರೆ, ಎಷ್ಟು ರಾತ್ರಿ ಇರುತ್ತಾರೆ, ಆಮೇಲೆ ಯಾರ ಹೊಲಕ್ಕೆ ಹೋಗುತ್ತಾರೆ ಅನ್ನುವುದು ಹೊಲದವನಿಗೆ ಮೊದಲೇ ಗೊತ್ತಿರುತ್ತದೆ. ಕುರಿ ನಿಲ್ಲಿಸಲು ಕೊಡುವ ರೇಟನ್ನು ಫೋನಿನಲ್ಲೇ ಮಾತಾಡಿರುತ್ತಾನೆ. 108ಕ್ಕೆ ಫೋನ್ ಮಾಡಿದರೆ ಊರು ಯಾವುದು, ಗುರುತು ಏನು ಅಂತ ಕೇಳುತ್ತಾರೆ. ನಿನ್ನೆ ಸಂಜೆ ಬಂದಿಳಿದವಳಿಗೆ ಏನು ಗೊತ್ತು? ಅದನ್ನೂ ಹೊಲದವನೇ ಹೇಳಬೇಕು.

2025ರಲ್ಲಿ ವಲಸೆ ಕುರಿಗಾಹಿಗಳ ಕಲ್ಯಾಣಕ್ಕೆ, ರಕ್ಷಣೆಗೆ ಅಂತ ನಮ್ಮ ವಿಧಾನಮಂಡಲ ಮಸೂದೆ ಒಪ್ಪಿತು. ಒಳ್ಳೆಯದೇ. ಅದು ಹೊಲದವರೆಗೆ ಬರುವಷ್ಟರಲ್ಲಿ ಎಷ್ಟು ಜನ ಹೆತ್ತಿರುತ್ತಾರೋ.

ನಿಮ್ಮ ಹೊಲದಲ್ಲೂ ಈ ಸಲ ಕುರಿ ನಿಲ್ಲಿಸುತ್ತಾರಂತೆ, ನಿಮ್ಮ ಅಪ್ಪಾರು ಸಿಕ್ಕಾಗ ಹೇಳಿದರು. ಅವರು ರೇಟು ಮುಗಿಸಿಕೊಳ್ಳಲಿ. ಬಿಡಾರದಲ್ಲಿ ಬಸುರಿ, ಬಾಣಂತಿ ಯಾರಾದರೂ ಇದ್ದಾರಾ ಅಂತ ನಿಮ್ಮವ್ವಾರು ಒಂದು ಮಾತು ಕೇಳಲಿ. ಗಂಡಸರು ಕೇಳಿದರೆ ಅವರು ಹೇಳಲ್ಲ. ಇದ್ದರೆ ಅವತ್ತೇ ನಿಮ್ಮೂರ ಆಶಾಗೆ ತಿಳಿಸಲಿ, ಮುಂದಿನ ಹೊಲ ಯಾವ ಊರಿನದು ಅನ್ನುವುದನ್ನೂ ಸೇರಿಸಿ. ಆಶಾ ನಂಬರ್ ಇಲ್ಲದಿದ್ದರೆ ಹೇಳು, ನಾನು ಕೇಳಿ ಕಳಿಸುತ್ತೇನೆ.

ನಿನ್ನ ದೋಸ್ತ