ಸಸ್ಯೋದ್ಯಾನಕ್ಕೆ ಗುದ್ದಲಿ ಹಾಕುವ ಮುನ್ನ

ಮಾನ್ಯರೇ,

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ಬಡಾವಣೆಗಳ ಸಸ್ಯೋದ್ಯಾನ, ಔಷಧಿವನಗಳಲ್ಲಿ ಸ್ವಚ್ಛತಾ ಕಾರ್ಯ ಶುರುವಾಗುತ್ತದೆ. ಸ್ವಯಂಸೇವಕರ ಉತ್ಸಾಹ ದೊಡ್ಡದು. ಆದರೆ ಎಲ್ಲ ಕೆಲಸವನ್ನೂ ಒಂದೇ ಬೆಳಗ್ಗೆ ಮುಗಿಸುವ ಹಟದಿಂದ ಗಿಡಗಳಿಗೆ ಆಗುವ ನಷ್ಟವೂ ಸಣ್ಣದಲ್ಲ.

ಹೆಚ್ಚು ಪೆಟ್ಟು ತಿನ್ನುವುದು ಖಾಲಿಯಂತೆ ಕಾಣುವ ಪಾತಿಗಳು. ಗೌರಿ ಹೂವಿನ ಬಳ್ಳಿ, ಅಂದರೆ ಅಗ್ನಿಶಿಖೆ, ಮಳೆಗಾಲ ಕಳೆದ ಮೇಲೆ ಒಣಗುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಅದರ ಗುರುತೇ ಇರುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ಗೆಡ್ಡೆ ಕಣ್ಣು ಬಿಡುತ್ತದೆ. ಆ ಕಣ್ಣು ಇರುವುದು ಕವಲೊಡೆದ ಗೆಡ್ಡೆಯ ತುದಿಗಳಲ್ಲಿ ಮಾತ್ರ. ಗುದ್ದಲಿ ತಾಗಿ ತುದಿ ಮುರಿದರೆ ಆ ಕವಲಿನ ಕತೆ ಮುಗಿಯಿತು. ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವೂ ಇರುವುದರಿಂದ ಅಗೆದು ಎಸೆದದ್ದು ಮಕ್ಕಳ ಕೈಗೆ ಸಿಗಬಾರದು. ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗುವ ಕಾಡರಿಶಿನಕ್ಕೂ ಇದೇ ಗತಿ. ಇದಕ್ಕೆ ಪರಿಹಾರವನ್ನು ಕಾರ್ತಿಕದಲ್ಲೇ ಮಾಡಿಕೊಳ್ಳಬೇಕು: ಎಲೆ ಹಳದಿಗೆ ತಿರುಗುವಾಗ ಪಾತಿಯ ನಾಲ್ಕೂ ಮೂಲೆಗೆ ಬಣ್ಣ ಬಳಿದ ಗೂಟ ಹೊಡೆದಿಡಬೇಕು.

ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿಯನ್ನೂ ಕಳೆಯೆಂದು ಕೀಳುತ್ತಾರೆ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳಿಗೆ ಆ ಕುಲದ ಬಳ್ಳಿಗಳೇ ಆಹಾರ.

ಇನ್ನು ಪಾರ್ಥೇನಿಯಂ. ಅದಕ್ಕೆ ಜೂನ್ 5 ತೀರಾ ಬೇಗ. ಮಳೆಗೆ ಮೊಳೆತು, ಎಲೆಗಳನ್ನು ನೆಲಕ್ಕೆ ಹರಡಿಕೊಂಡ ಹಂತದಲ್ಲಿ, ಮಣ್ಣು ಹಸಿಯಿರುವಾಗ ಎಳೆದರೆ ಬೇರು ಸಮೇತ ಬರುತ್ತದೆ. ಅಂದರೆ ಜೂನ್ ಕೊನೆಯ ವಾರ. ಮಚ್ಚಿನಿಂದ ಸವರಿದರೆ ಬುಡದಿಂದ ಚಿಗುರಿ, ಗಿಡ್ಡಗಿದ್ದೇ ಹೂ ಬಿಡುತ್ತದೆ. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುವುದರಿಂದ ಬಿಳಿ ಹೂ ಕಂಡ ಗಿಡವನ್ನು ಗೊಬ್ಬರದ ರಾಶಿಗೆ ಸೇರಿಸಬಾರದು. ತುಂಬು ತೋಳಿನ ಅಂಗಿ, ಕೈಗವಸು ಕಡ್ಡಾಯ; ಉಬ್ಬಸ, ಚರ್ಮದ ಅಲರ್ಜಿ ಇರುವವರನ್ನು ಈ ಕೆಲಸಕ್ಕೆ ಕರೆಯಲೇಬಾರದು. ಲಂಟಾನಕ್ಕೆ ಬೇರೆ ವಿಧಾನ: ನೆಲದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬುಡಮೇಲಾಗಿ ಇಟ್ಟು ಒಣಗಿಸಬೇಕು. ಮಣ್ಣಿನ ಮಟ್ಟಕ್ಕೆ ಕತ್ತರಿಸಿದರೆ ಬುಡದ ಗಂಟಿನಿಂದ ಮತ್ತೆ ಚಿಗುರು.

ತರಗೆಲೆ ಕಸವಲ್ಲ. ಮರದಡಿ 2–3 ಇಂಚು ಹಾಗೇ ಬಿಡಿ; ಕಾಂಡದಿಂದ ಮಾತ್ರ ಒಂದು ಗೇಣು ದೂರವಿರಲಿ. ತೊಗಟೆಗೆ ಒತ್ತಿ ಗುಡ್ಡೆ ಹಾಕಿದರೆ ತೇವ ನಿಂತು ತೊಗಟೆ ಕೊಳೆಯುತ್ತದೆ, ಗೆದ್ದಲಿಗೂ ಮರೆ ಸಿಗುತ್ತದೆ. ದಾರಿಯ ಮೇಲಿನದನ್ನಷ್ಟೇ ಒಟ್ಟುಮಾಡಿ ಒಂದು ಮೀಟರ್ ಎತ್ತರ, ಅಷ್ಟೇ ಅಗಲದ ರಾಶಿ ಮಾಡಿ, ಪ್ರತಿ ಅರ್ಧ ಅಡಿಗೊಮ್ಮೆ ಸಗಣಿ ನೀರು ಚಿಮುಕಿಸಿ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ನೀರು ಹೆಚ್ಚಾದರೆ ಗಾಳಿಯಾಡದೆ ನಾರುತ್ತದೆ. ಹೊಂಗೆ ಎಲೆ ಬೇಗ ಕರಗುತ್ತದೆ, ಮಾವು, ಹಲಸಿನದು ನಿಧಾನ; ಬೇರೆ ಬೇರೆ ರಾಶಿ ಮಾಡಿದರೆ ಒಳ್ಳೆಯದು. ಬೆಂಕಿ ಹಚ್ಚುವುದು ನಿಯಮಬಾಹಿರ. ಮೇಲ್ಮಣ್ಣಿನಲ್ಲೇ ಇರುವ ಉಣಿಸುಬೇರುಗಳೂ ಅದರಲ್ಲಿ ಸುಡುತ್ತವೆ. ಹಳೆಯ ರಾಶಿಗೆ ಕೈ ಹಾಕುವ ಮುನ್ನ ಉದ್ದ ಕೋಲಿನಿಂದ ಕೆದಕಿ: ಕೊಳಕುಮಂಡಲಕ್ಕೆ ತರಗೆಲೆಯೇ ಅಡಗುತಾಣ.

ಹಾಗಾದರೆ ಜೂನ್ 5ರಂದು ಮಾಡುವುದೇನು? ಕಾಲುವೆಗಳ ಹೂಳು ಎತ್ತಲಿ, ಒಣಕೊಂಬೆ ತೆಗೆಯಲಿ. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಅರೆಗಾಯ ಮಾಡದಿದ್ದರೆ ಅದು ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸುಲಿದುಕೊಂಡು ಹೋಗುತ್ತದೆ. ಮರಕ್ಕೆ ಮೊಳೆ ಹೊಡೆದ ನಾಮಫಲಕಗಳನ್ನು ಕಿತ್ತು, ಕಾಂಡ ದಪ್ಪವಾದಂತೆ ಹಿಗ್ಗುವ ಸ್ಪ್ರಿಂಗ್ ತಂತಿಗೆ ಕಟ್ಟಲಿ. ಹೂಳೆತ್ತುವ ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಜ. ಪಾರ್ಥೇನಿಯಂಗೆ ಜೂನ್ ಕೊನೆಯ ಒಂದು ಭಾನುವಾರ, ಗೂಟ ಹೊಡೆಯಲು ಕಾರ್ತಿಕದ ಒಂದು ಭಾನುವಾರ — ಈ ಎರಡು ದಿನಗಳನ್ನೂ ಸಂಘಟಕರು ಈಗಲೇ ಪ್ರಕಟಿಸಲಿ.

– ಸಸ್ಯೋದ್ಯಾನದ ಕೆಲವು ಸ್ವಯಂಸೇವಕರು, ಮೈಸೂರು