ಟೆರೇಸಿನ ಬೀಗ ತೆಗೆಯಿರಿ, ಬಟ್ಟೆ ಒಣಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಶುರುವಾದ ಕೂಡಲೇ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಬಟ್ಟೆಯ ವಿಷಯ ಬರುತ್ತದೆ. ಕಲೆ ತೆಗೆಯೋದು ಹೇಗೆ, ಮುಗ್ಗಲು ವಾಸನೆಗೆ ಏನು ಮಾಡಬೇಕು, ರೇಷ್ಮೆ ಸೀರೆಯನ್ನು ಹೇಗೆ ಮಡಚಿಡಬೇಕು. ಎಲ್ಲ ಒಳ್ಳೆಯ ಮಾತೇ. ಆದರೆ ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಐದು ಜನರ ಬಟ್ಟೆಯನ್ನು ವಾರವಿಡೀ ಸುಧಾರಿಸೋದು ಹೇಗೆ ಅಂತ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ನಮ್ಮ ಹೌಸಿಂಗ್ ಸೊಸೈಟಿಗಳಿಗೆ ಒಂದು ಮನವಿಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನಾವಿರುವುದು ಮುಲುಂಡ್ ಪೂರ್ವದಲ್ಲಿ. ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಮ್ಮ ಯಜಮಾನರು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆ ನೋಡಿಕೊಳ್ಳುತ್ತಾರೆ. ನಾನು ಥಾಣೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಹೋಗುತ್ತೇನೆ. ಲೋಕಲ್ ಟ್ರೈನಿನಲ್ಲಿ ಹೋಗಿ ಬಂದ ಬಟ್ಟೆಯನ್ನು ಮರುದಿನ ಮತ್ತೆ ಹಾಕಿಕೊಳ್ಳೋಕೆ ಆಗುವುದಿಲ್ಲ. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಹೆಚ್ಚಿನ ಮನೆಗಳಲ್ಲಿ ಬಟ್ಟೆಯೆಂದರೆ ಭಾನುವಾರದ ಕೆಲಸ. ಆರು ದಿನ ಬುಟ್ಟಿಗೆ ತುಂಬುವುದು, ಏಳನೇ ದಿನ ಮೂರು ನಾಲ್ಕು ಸಲ ಮಷಿನ್ ಹಾಕುವುದು. ರಜೆ ಇರುವುದು ಅಂದೇ ತಾನೇ, ಹಾಗಾಗಿ ಅದೇ ಸರಿ ಅಂತ ಕಾಣುತ್ತದೆ. ಆದರೆ ಮನೆಯಲ್ಲಿ ಬಟ್ಟೆ ಹರಡೋಕೆ ಇರುವ ಜಾಗ ಎಷ್ಟು? ನಮ್ಮ ಕಡೆ ಹಾಲ್‌ನಲ್ಲೋ ಡ್ರೈ ಬಾಲ್ಕನಿಯಲ್ಲೋ ಸೀಲಿಂಗಿಗೆ ಹಗ್ಗ ಕಟ್ಟಿ ಇಳಿಸಿ ಏರಿಸುವ ಆರು ಪೈಪಿನ ಹ್ಯಾಂಗರ್ ಇರುತ್ತದೆ. ಅದರಲ್ಲಿ ಸರಿಯಾಗಿ ಹಿಡಿಯುವುದು ಒಂದು ಸಲ ಮಷಿನ್ ಹಾಕಿದ ಬಟ್ಟೆ. ಎರಡನೇ ಸಲದ್ದು ಕುರ್ಚಿಯ ಬೆನ್ನಿಗೆ ಹೋಗುತ್ತದೆ, ಮೂರನೆಯದು ಬಾಗಿಲ ಮೇಲೆ, ಸೋಫಾದ ಮೇಲೆ. ಜುಲೈ ತಿಂಗಳಲ್ಲಿ ಗಾಳಿಯ ತೇವ ಶೇ 80 ದಾಟಿರುತ್ತದೆ. ಬಟ್ಟೆಯ ನೀರು ಗಾಳಿಗೆ ಹೋಗಬೇಕು, ಗಾಳಿಯಲ್ಲೇ ಅಷ್ಟು ನೀರಿದ್ದರೆ ಹೋಗುವುದಾದರೂ ಎಲ್ಲಿಗೆ? ಹಾಗಾಗಿ ಮಂಗಳವಾರದವರೆಗೂ ಮನೆತುಂಬ ಒದ್ದೆ ಬಟ್ಟೆ.

ಇನ್ನೊಂದು ವಿಷಯ ನೀರಿನದು. ನಗರದ ಮನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಬಟ್ಟೆ ಒಗೆಯೋಕೆ ಅಂತ ಇಡುವುದು 20 ಲೀಟರ್. ಐದು ಜನರಿಗೆ ದಿನಕ್ಕೆ 100, ವಾರಕ್ಕೆ 700 ಲೀಟರ್ ಆಯಿತು. ಈ ವಾರದ ನೀರನ್ನೆಲ್ಲ ಪ್ರತಿ ಮನೆಯೂ ಭಾನುವಾರ ಬೆಳಿಗ್ಗೆಯೇ ಎಳೆದರೆ ಮೇಲಿನ ಟ್ಯಾಂಕು ಏನಾಗಬೇಕು? ನಮ್ಮಲ್ಲಿ ಭಾನುವಾರ ಹನ್ನೊಂದು ಗಂಟೆಗೇ ಟ್ಯಾಂಕು ತಳ ಕಾಣುತ್ತದೆ. ಆಮೇಲೆ ವಾಚ್‌ಮನ್ ಮೇಲೆ ಕೂಗಾಟ. ಪಾಪ, ಅವನೇನು ಮಾಡುತ್ತಾನೆ! 2024ರ ಜೂನ್ 5ರಿಂದ ಮುಂಬಯಿಗೆ ಶೇ 10 ನೀರು ಕಡಿತವಾದಾಗ ಈ ಜಗಳ ಇನ್ನೂ ಜೋರಾಯಿತು. ಕೆರೆಗಳಲ್ಲಿ ನೀರು ಇಳಿದಿತ್ತು, ಅದನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಒಂದೇ ಹೊತ್ತಿಗೆ ಎಲ್ಲ ಮಷಿನ್ ತಿರುಗದ ಹಾಗೆ ನೋಡಿಕೊಳ್ಳೋದು ನಮ್ಮ ಕೈಯಲ್ಲೇ ಇತ್ತು.

ನಮ್ಮ ಮನೆಯಲ್ಲಿ ಈಗ ಬಟ್ಟೆಯ ಅಳತೆ ಮಷಿನಿನದಲ್ಲ, ಹ್ಯಾಂಗರಿನದು. ಆರು ಪೈಪಿನಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ಒಗೆಯುವುದು. ನಿನ್ನೆಯದು ಒಣಗಿ ಇಳಿಯದೆ ಇವತ್ತಿನದು ಮಷಿನಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ದಿನಾ ಒಂದು ಸಲ ಹಾಕಬಹುದು, ಮಳೆಗಾಲದಲ್ಲಿ ದಿನ ಬಿಟ್ಟು ದಿನ. ನಿಯಮ ಇಷ್ಟೇ. ಇದೊಂದನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಹಿಂದೆ ಬರುತ್ತದೆ.

ಯಾವ ದಿನ ಏನು ಅನ್ನೋದು ಆಯಾ ಮನೆಗೆ ಬಿಟ್ಟದ್ದು. ಮಕ್ಕಳಿಗೆ ಬುಧವಾರ, ಶನಿವಾರ ಬಿಳಿ ಪಿ.ಟಿ. ಡ್ರೆಸ್ಸು. ಹಾಗಾಗಿ ಬಿಳಿ ಬಟ್ಟೆಗೆ ಭಾನುವಾರ ಮತ್ತು ಬುಧವಾರ ಸಂಜೆ. ಎರಡು ದಿನ ಮೊದಲೇ ಒಗೆದರೆ ಮಳೆಯಿದ್ದರೂ ಹೆದರಿಕೆಯಿಲ್ಲ. ಯಜಮಾನರ ಹೋಟೆಲಿನ ಶರ್ಟುಗಳನ್ನು ಬೇರೆ ಬಟ್ಟೆಯ ಜೊತೆ ಹಾಕುವುದೇ ಇಲ್ಲ. ದೋಸೆ ಕಲ್ಲಿನ ಹತ್ತಿರ ಕೆಲಸ ಮಾಡದಿದ್ದರೂ ಎಣ್ಣೆಯ ಹೊಗೆ ಬಟ್ಟೆಗೆ ಹಿಡಿಯುತ್ತದೆ, ಅಲ್ವಾ? ಅವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಾಲರಿಗೂ ತೋಳಿನ ತುದಿಗೂ ಸ್ವಲ್ಪ ಸೋಪು ಉಜ್ಜಿ ಆಮೇಲೆ ಮಷಿನಿಗೆ. ಬೆಡ್‌ಶೀಟು, ಬೈರಾಸು ಅಂದರೆ ಟವೆಲುಗಳಿಗೆ ಬೇರೆ ದಿನ. ಬೈರಾಸು ದಪ್ಪ, ಅದು ಒಣಗೋ ಹೊತ್ತಿಗೆ ತೆಳ್ಳಗಿನ ಬಟ್ಟೆ ಎರಡು ಸಲ ಒಣಗಿರುತ್ತದೆ. ನೀರು ಕಡಿಮೆಯಾದರೆ ಮುಂದೂಡುವುದು ಬೆಡ್‌ಶೀಟನ್ನು. ಯೂನಿಫಾರ್ಮು, ಒಳಬಟ್ಟೆ ಮುಂದೂಡುವಂತಿಲ್ಲ. ಅತ್ತೆಯ ವಾಯಿಲ್ ಸೀರೆ ಮಷಿನಿಗೆ ಹೋಗುವುದಿಲ್ಲ. ಅದನ್ನು ಅವರೇ ಸ್ನಾನದ ಹೊತ್ತಿಗೆ ಬಾಲ್ದಿಯಲ್ಲಿ ಅದ್ದಿ ಹಿಂಡುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ.

ಸೋಪಿನ ಪುಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಬಯಿಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ಕೆರೆಗಳಲ್ಲಿ ನಿಂತ ಮಳೆಯ ನೀರು. ಅದು ಮೆದು ನೀರು, ಅದರಲ್ಲಿ ನೊರೆ ಬೇಗ ಬರುತ್ತದೆ. ಟ್ಯಾಂಕರಿನದೋ ಬೋರ್‌ವೆಲ್‌ನದೋ ಗಡಸು ನೀರಿಗೆ ಬೇಕಾದಷ್ಟು ಪುಡಿ ಇದಕ್ಕೆ ಬೇಡವೇ ಬೇಡ. ನೊರೆ ಜಾಸ್ತಿಯಾದರೆ ಕೊಳೆ ಜಾಸ್ತಿ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ಆಗುವುದು ಬೇರೆಯೇ. ಮಷಿನಿನ ಒಳಗೆ ಬಟ್ಟೆಗೆ ಬಟ್ಟೆ ತಾಗಿ ಉಜ್ಜಬೇಕು, ನೊರೆ ಅದನ್ನು ತಡೆಯುತ್ತದೆ. ಮಿಕ್ಕಿದ ಸೋಪು ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ. ಬಟ್ಟೆಯಲ್ಲಿ ಕೂತು ಮೈ ತುರಿಸುತ್ತದೆ, ಬೈರಾಸು ಗಡುಸಾಗುತ್ತದೆ, ತೇವದಲ್ಲಿ ವಾಸನೆ ಹಿಡಿಯುತ್ತದೆ. ಆ ವಾಸನೆಗೆ ಮತ್ತೆ ಜನ ಸುವಾಸನೆಯ ಲಿಕ್ವಿಡ್ ಸುರಿಯುತ್ತಾರೆ. ಪುಡಿ ಅರ್ಧಕ್ಕೆ ಇಳಿಸಿ ನೋಡಿ. ಬಟ್ಟೆಗೂ ಒಳ್ಳೆಯದು, ತಿಂಗಳ ಸಾಮಾನಿನ ಚೀಟಿಗೂ ಒಳ್ಳೆಯದು.

ಒಗೆದ ಬಟ್ಟೆಯನ್ನು ಮಷಿನಿನಲ್ಲೇ ಬಿಡುವುದು ಮಳೆಗಾಲದಲ್ಲಿ ಆಗಲೇಬಾರದು. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುತ್ತೇವೆ ಅನ್ನುವವರಿದ್ದಾರೆ. ಒಳಗೆ ಬಿಸಿ, ತೇವ, ಗಾಳಿ ಇಲ್ಲ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಬೆಳಿಗ್ಗೆ ಆರಕ್ಕೆ ನಲ್ಲಿ ಬಿಡುವ ಹೊತ್ತಿಗೆ ಹಾಕಿದರೆ ಏಳೂವರೆಗೆ ಹರಡಬಹುದು. ಬುಟ್ಟಿಯಿಂದ ಬಟ್ಟೆ ತೆಗೆದು, ಜೇಬು ನೋಡಿ, ಮಷಿನಿಗೆ ತುಂಬುವ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಬೇಕು. ಮಳೆಗಾಲದಲ್ಲಿ ಕೊನೆಗೆ ಇನ್ನೊಂದು ಸಲ ಬರೀ ಹಿಂಡುವ ಸ್ಪಿನ್ ಹಾಕಿದರೆ ಎಷ್ಟೋ ನೀರು ಹೋಗುತ್ತದೆ. ಮಷಿನಿನ ಮುಚ್ಚಳ ಆಮೇಲೆ ತೆರೆದೇ ಇರಲಿ.

ಹರಡುವುದರಲ್ಲೂ ಕ್ರಮ ಇದೆ. ಇದನ್ನು ನನಗೆ ಹೇಳಿಕೊಟ್ಟವರು ಅತ್ತೆ. ಕುಂದಾಪುರದ ಕಡೆ ಮಳೆಗಾಲದಲ್ಲಿ ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಅಡ್ಡ ಬಿದಿರು ಕಟ್ಟಿ ಬಟ್ಟೆ ಒಣಗಿಸಿದವರು ಅವರು. ಹೊಗೆ ವಾಸನೆ ಬಂದರೂ ಬಟ್ಟೆ ಗರಿಗರಿ ಒಣಗುತ್ತಿತ್ತು ಅನ್ನುತ್ತಾರೆ. ಅವರು ಒಂದೊಂದು ಬಟ್ಟೆಯನ್ನೂ ಜೋರಾಗಿ ಜಾಡಿಸುತ್ತಾರೆ, ಸುಕ್ಕು ಅಲ್ಲೇ ಅರ್ಧ ಹೋಗುತ್ತದೆ. ಜೀನ್ಸನ್ನು ಒಳಮಗ್ಗುಲು ಮಾಡಿ, ಸೊಂಟದ ಪಟ್ಟಿ ಮೇಲೆ ಬರುವ ಹಾಗೆ ಎರಡು ಕ್ಲಿಪ್ಪು ಹಾಕುತ್ತಾರೆ. ಜೇಬು ಹೊರಗೆ ಎಳೆದಿರಬೇಕು, ಅದೇ ಕೊನೆಗೆ ಒಣಗುವ ಜಾಗ. ಶರ್ಟು ಹ್ಯಾಂಗರಿನಲ್ಲೇ ತೂಗುತ್ತದೆ, ಅಲ್ಲಿಂದ ಹಾಗೇ ಬೀರುವಿಗೆ. ಬೆಡ್‌ಶೀಟನ್ನು ಒಂದೇ ಪೈಪಿಗೆ ಮಡಚಿ ಹಾಕದೆ ಎರಡು ಪೈಪಿನ ಮೇಲೆ ಗುಡಾರದ ಹಾಗೆ ಬಿಡಿಸುತ್ತಾರೆ, ನಡುವೆ ಗಾಳಿ ಆಡಲಿ ಅಂತ. ಕೆಳಗೆ ಫ್ಯಾನು, ಕಿಟಕಿ ಒಂದು ಬೆರಳಷ್ಟಾದರೂ ತೆರೆದಿರಬೇಕು. ಕಿಟಕಿ ಮುಚ್ಚಿ ಫ್ಯಾನು ಹಾಕಿದರೆ ಅದೇ ತೇವದ ಗಾಳಿ ಮನೆಯೊಳಗೆ ಸುತ್ತುತ್ತದೆ, ಗೋಡೆಗೆ ಬೂಸ್ಟು ಹಿಡಿಯುತ್ತದೆ.

ಹೊರಗಿನ ಗ್ರಿಲ್ಲಿನಲ್ಲಿ ಹಾಕಬಹುದಲ್ಲ ಅಂತ ಕೇಳಬಹುದು. ಪಾರಿವಾಳದ ಕಾಟ ಗೊತ್ತಿದ್ದವರು ಕೇಳುವುದಿಲ್ಲ. ಕಬ್ಬಿಣದ ಗ್ರಿಲ್ಲಿನ ತುಕ್ಕು ಬಿಳಿ ಶರ್ಟಿಗೆ ತಾಗಿದರಂತೂ ಅದರ ಕಥೆ ಮುಗಿಯಿತು.

ಮಡಚುವುದು ರಾತ್ರಿ ಊಟದ ಮೇಲೆ, ಟಿವಿ ನೋಡುತ್ತಾ. ಒಂದು ಹ್ಯಾಂಗರಿನ ಬಟ್ಟೆ ನಾಲ್ಕು ಕೈ ಸೇರಿದರೆ ಹತ್ತು ನಿಮಿಷದ ಕೆಲಸ. ಮಗ ಸಾಕ್ಸ್ ಜೋಡಿ ಮಾಡುತ್ತಾನೆ, ಮಗಳು ಯೂನಿಫಾರ್ಮು ಮಡಚಿ ತನ್ನ ಕಪಾಟಿಗೆ ತಾನೇ ಇಡುತ್ತಾಳೆ. ಯಜಮಾನರು ವಾರದ ರಜೆಯ ದಿನ ಬೆಡ್‌ಶೀಟಿನ ಕೆಲಸ ಪೂರ್ತಿ ತಾವೇ ನೋಡಿಕೊಳ್ಳುತ್ತಾರೆ. ಬಟ್ಟೆ ಹಾಕಿಕೊಳ್ಳುವವರು ಎಲ್ಲರೂ, ಒಗೆಯುವವಳು ಮಾತ್ರ ಒಬ್ಬಳು ಅನ್ನೋದು ಯಾವ ನ್ಯಾಯ? ಮುಂಬಯಿಯಲ್ಲಿ ದುಡಿಯೋಕೆ ಇಬ್ಬರೂ ಹೋಗುವ ಕನ್ನಡಿಗರ ಮನೆಗಳು ಎಷ್ಟೋ ಇವೆ. ಇದನ್ನು ಓದುವ ಅಣ್ಣತಮ್ಮಂದಿರು ಹ್ಯಾಂಗರಿನ ಹಗ್ಗ ಇಳಿಸೋದು ಕಲಿಯಲಿ ಅಂತ ಮನಸ್ಸಿಟ್ಟು ಕೇಳುತ್ತೇನೆ.

ಇನ್ನು ಮನವಿಗೆ ಬರುತ್ತೇನೆ. ನಮ್ಮ ತಲೆಯ ಮೇಲೆ ಅಷ್ಟು ದೊಡ್ಡ ಟೆರೇಸು ಇದೆ. ಬಿಸಿಲು ಅಲ್ಲಿದೆ, ಗಾಳಿ ಅಲ್ಲಿದೆ. ಬಾಗಿಲಿಗೆ ಬೀಗ! ನಮ್ಮದೊಂದೇ ಅಲ್ಲ, ನಾನು ಕಂಡ ಎಷ್ಟೋ ಸೊಸೈಟಿಗಳಲ್ಲಿ ಹೀಗೇ. ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ, ಮಕ್ಕಳು ಹತ್ತುತ್ತಾರೆ, ಬಟ್ಟೆ ಕಳೆದರೆ ಜಗಳ, ಬಿಲ್ಡಿಂಗಿನ ಅಂದ ಕೆಡುತ್ತದೆ ಅಂತ ಕಾರಣ ಕೊಡುತ್ತಾರೆ. ಮೊದಲ ಎರಡು ಮಾತು ನಿಜವಾದ ಕಾಳಜಿ, ನಾನು ಒಪ್ಪುತ್ತೇನೆ. ಆದರೆ ಅವಕ್ಕೆ ದಾರಿ ಇದೆ. ಸ್ಲ್ಯಾಬ್ ಕೊರೆಯುವುದು ಬೇಡ. ಹಳೆಯ ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ ನಡುವೆ ಪೈಪು ನಿಲ್ಲಿಸಿದರೆ ಕಂಬ ಆಯಿತು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಾತ್ರ ತೆರೆಯಲಿ, ಕೀಲಿ ವಾಚ್‌ಮನ್ ಹತ್ತಿರ ಇರಲಿ, ಪುಸ್ತಕದಲ್ಲಿ ಸಹಿ ಹಾಕಿ ಪಡೆಯಲಿ. ಮಹಡಿಗೊಂದು ದಿನ ಗೊತ್ತು ಮಾಡಿದರೆ ಬಟ್ಟೆ ಬೆರೆಯುವ ಗಲಾಟೆಯೂ ಇಲ್ಲ, ಭಾನುವಾರ ಟ್ಯಾಂಕು ಬರಿದಾಗುವ ಗಲಾಟೆಯೂ ಇಲ್ಲ.

ಹಗ್ಗ ಕಟ್ಟುವ ರೀತಿಯನ್ನು ಮಹಾಲಕ್ಷ್ಮಿಯ ಧೋಬಿ ಘಾಟ್‌ನಲ್ಲಿ ನೋಡಿ. ಸ್ಟೇಷನ್ನಿನ ಪಕ್ಕದ ಸೇತುವೆ ಮೇಲೆ ನಿಂತರೆ ಕಾಣುತ್ತದೆ. ಅಲ್ಲಿ ಎರಡು ಹಗ್ಗವನ್ನು ಒಂದಕ್ಕೊಂದು ಹೊಸೆದು ಬಿಗಿಯಾಗಿ ಕಟ್ಟಿರುತ್ತಾರೆ. ಬಟ್ಟೆಯ ಅಂಚನ್ನು ಆ ಹೊಸೆದ ಸಂದಿಗೆ ಸಿಕ್ಕಿಸಿದರೆ ಸಾಕು, ಹಗ್ಗವೇ ಕಚ್ಚಿ ಹಿಡಿಯುತ್ತದೆ. ಕ್ಲಿಪ್ಪು ಬೇಡ, ಗಾಳಿಗೆ ಹಾರುವುದಿಲ್ಲ, ಕ್ಲಿಪ್ಪಿನ ಗುರುತೂ ಬೀಳುವುದಿಲ್ಲ. ಬ್ರಿಟಿಷರ ಕಾಲದಿಂದ ಸಾವಿರಾರು ಮನೆಗಳ ಬಟ್ಟೆ ಒಗೆದವರ ಕೈಯಲ್ಲಿ ಇರುವ ಜಾಣತನ ಅದು. ಅಂಥವರ ಊರಿನಲ್ಲಿದ್ದುಕೊಂಡು ನಾವು ಸೋಫಾದ ಮೇಲೆ ಬಟ್ಟೆ ಒಣಗಿಸುತ್ತಿದ್ದೇವೆ.

ಬಟ್ಟೆ ಒಣಗಿಸುವ ಡ್ರೈಯರ್ ತಗೊಳ್ಳಿ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಅದನ್ನು ಇಡೋಕೆ ಜಾಗ ಎಲ್ಲಿದೆ, ಅದರ ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ? ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಬಿಟ್ಟಿ ಸಿಗುವ ಊರು ಇದು.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳು ವಾರ್ಷಿಕ ಸಾಮಾನ್ಯ ಸಭೆಯನ್ನು ಸೆಪ್ಟೆಂಬರ್ 30ರೊಳಗೆ ಮುಗಿಸಬೇಕು. ಪಾರ್ಕಿಂಗ್, ಪೇಂಟಿಂಗ್, ಲಿಫ್ಟು ಎಲ್ಲ ಅಲ್ಲಿ ಚರ್ಚೆಗೆ ಬರುತ್ತದೆ. ಬಟ್ಟೆಯ ವಿಷಯ ಬರುವುದಿಲ್ಲ, ಯಾಕೆಂದರೆ ಸಭೆಗೆ ಹೋಗುವವರು ಹೆಚ್ಚಾಗಿ ಗಂಡಸರು. ಈ ಸಲ ನಾನೇ ಟೆರೇಸಿನ ವಿಷಯ ಬರೆದು ಸೆಕ್ರೆಟರಿಗೆ ಕೊಟ್ಟಿದ್ದೇನೆ, ನಮ್ಮ ಮಹಡಿಯ ಇತರ ಮನೆಗಳ ಹೆಂಗಸರೂ ಸಹಿ ಹಾಕಿದ್ದಾರೆ. ಬೇರೆ ಸೊಸೈಟಿಗಳಲ್ಲಿರುವ ಕನ್ನಡದ ಅಕ್ಕತಂಗಿಯರೂ ಸಭೆಯ ನೋಟಿಸು ಹೊರಡುವ ಮೊದಲೇ ಬರೆದು ಕೊಡಲಿ. ಈಗಾಗಲೇ ಟೆರೇಸು ತೆರೆದಿರುವ ಸೊಸೈಟಿಯವರು ಯಾರಾದರೂ ಇದ್ದರೆ, ಅಲ್ಲಿ ಏನು ನಿಯಮ ಮಾಡಿಕೊಂಡಿದ್ದಾರೆ ಅಂತ ಈ ಅಂಕಣಕ್ಕೇ ಬರೆದು ತಿಳಿಸಬೇಕಾಗಿ ವಿನಂತಿ. ನಮ್ಮ ಸಭೆಯಲ್ಲಿ ಓದಿ ಹೇಳೋಕೆ ಆಗುತ್ತದೆ.

ಇತಿ,
ನಿಮ್ಮ ಓದುಗಳು
ಮುಲುಂಡ್ ಪೂರ್ವ, ಮುಂಬಯಿ